ಎಲ್ಲ ದೀಪ ಅಂದರೆ ಎಲ್ಲ ದೀಪ

ಹೋದ ವಾರ ಒಂದು ಸಂಜೆ ನಮ್ಮ ಮನೆಯ ವೈಫೈ ಪೆಟ್ಟಿಗೆಗೆ ಟವೆಲ್ ಹೊದಿಸಿದೆ.

ಮೈಕ್ರೋವೇವ್‌ನ ಗಡಿಯಾರಕ್ಕೆ ಗಾಯದ ಪಟ್ಟಿ ಅಂಟಿಸಿದೆ. ಬಾಯ್ಲರ್‌ನ ಹಸಿರು ಚುಕ್ಕೆಗೂ ಒಂದು ಪಟ್ಟಿ. ಟಿವಿಯ ಮೂಲೆಯ ಕೆಂಪು ಚುಕ್ಕೆಗೆ ಮಗನ ಕಾಲುಚೀಲ ಸಿಕ್ಕಿಸಿದೆ. ಡಿಶ್‌ವಾಷರ್ ನೆಲದ ಮೇಲೆ ಬೀರುವ ಸಣ್ಣ ನೀಲಿ ಬೆಳಕಿಗೆ ಏನು ಮಾಡುವುದೆಂದು ತೋಚದೆ ಪ್ಲಗ್ಗನ್ನೇ ಕಿತ್ತೆ.

ನನ್ನ ಹಿಂದೆಯೇ ಕೈಕಟ್ಟಿಕೊಂಡು ಒಬ್ಬಳು ಇನ್‌ಸ್ಪೆಕ್ಟರ್ ಬರುತ್ತಿದ್ದಳು. ಹೆಸರು ಇಂಚರ. ವಯಸ್ಸು ಆರು. ನನ್ನ ಮಗಳು.

“ಅಮ್ಮಾ, ದೇರ್! ಇನ್ನೊಂದು.”

“ಅದು ಫ್ರಿಜ್ಜಿನದು ಪುಟ್ಟಿ, ಬಾಗಿಲು ತೆಗೆದರೆ ಮಾತ್ರ ಹತ್ತೋದು.”

“ಹಾಗಾದ್ರೆ ಯಾರೂ ಫ್ರಿಜ್ ತೆಗೀಬಾರದು. ಅಚ್ಚು, ಯು ಆಲ್ಸೋ.”

ಮೂರು ವರ್ಷದ ಅಚ್ಚು ಒಂದೇ ಕಾಲಿಗೆ ಚೀಲ ಹಾಕಿಕೊಂಡು ನಿಂತು ಗಂಭೀರವಾಗಿ ತಲೆಯಾಡಿಸಿದ.

ಕತ್ತಲಾದ ಮೇಲೂ ಒಂದು ಮನೆ ಇಷ್ಟೊಂದು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. (ನಿಮ್ಮ ಮನೆಯಲ್ಲಿ ಎಷ್ಟಿವೆ? ಇವತ್ತು ಎಲ್ಲ ಸ್ವಿಚ್ ಆರಿಸಿ ಒಮ್ಮೆ ಸುಮ್ಮನೆ ನೋಡಿ.)

ಇವಳಿಗೇನು ತಲೆ ಕೆಟ್ಟಿದೆಯೇ ಅಂತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ.

ನಾವಿರುವ ಈ ಕಾಪೆಲ್ಲೆ ಎಂಬ ಊರಲ್ಲಿ, ಎಂದರೆ ರಾಟರ್‌ಡ್ಯಾಮಿನ ಮಗ್ಗುಲಲ್ಲಿ, ಡಿಸೆಂಬರ್ ತಿಂಗಳ ಸೂರ್ಯ ಥೇಟ್ ಹಳೇ ಕಾಲದ ಗುಮಾಸ್ತನ ಹಾಗೆ. ಒಂಬತ್ತರ ಹತ್ತಿರ ಬರುತ್ತಾನೆ, ನಾಲ್ಕೂವರೆಗೆ ಎದ್ದು ಹೋಗುತ್ತಾನೆ. ನಡುವೆಯೂ ಸೀಟಿನಲ್ಲಿ ಇರುವುದಿಲ್ಲ. ಮೋಡದ ಹಿಂದೆ ಎಲ್ಲೋ ಟೀ ಕುಡಿಯುತ್ತಿರುತ್ತಾನೆ. ಮಕ್ಕಳನ್ನು ಕತ್ತಲಲ್ಲಿ ಎಬ್ಬಿಸಬೇಕು, ಕತ್ತಲಲ್ಲಿ ಶಾಲೆಗೆ ಬಿಡಬೇಕು.

ಈ ವರ್ಷ ಶಾಲೆಯೂ ಇಲ್ಲ. ಲಾಕ್‌ಡೌನ್. ಅಂಗಡಿ, ಲೈಬ್ರರಿ, ಈಜುಕೊಳ ಎಲ್ಲಕ್ಕೂ ಬೀಗ. ಅದು ಸಾಲದು ಎಂಬಂತೆ ನಮ್ಮ ಮನೆಯವರಿಗೆ ಟೆಸ್ಟಿನಲ್ಲಿ ಪಾಸಿಟಿವ್ ಬಂತು.

ಅವರು ಮೇಲಿನ ಅಟ್ಟದ ಕೋಣೆ ಸೇರಿದರು. ಇಲ್ಲಿನ ಮನೆಗಳ ಮೆಟ್ಟಿಲು ನೀವು ನೋಡಬೇಕು. ಮೆಟ್ಟಿಲಲ್ಲ ಅದು, ಏಣಿಗೆ ಕಾರ್ಪೆಟ್ ಹಾಸಿದ್ದು. ಅದನ್ನು ಹತ್ತಿ ಊಟದ ತಟ್ಟೆಯನ್ನು ಬಾಗಿಲ ಮುಂದಿಟ್ಟು ನಾನು ಕೆಳಗಿಳಿದ ಮೇಲೆ ಬಾಗಿಲು ತೆರೆದುಕೊಳ್ಳುವ ಸದ್ದು. ಆಮೇಲೆ ಮುಚ್ಚಿಕೊಳ್ಳುವ ಸದ್ದು. ತಟ್ಟೆ ವಾಪಸ್ ಬಂದಾಗ ಎಷ್ಟು ಅನ್ನ ಉಳಿದಿದೆ ಎಂದು ನೋಡುತ್ತಿದ್ದೆ. ಅದೇ ನನ್ನ ಮೆಡಿಕಲ್ ರಿಪೋರ್ಟ್.

ಫ್ಯಾಮಿಲಿ ಡಾಕ್ಟರ್ ಫೋನಿನಲ್ಲೇ ವಿಚಾರಿಸಿದರು. ಪ್ಯಾರಾಸಿಟಮಾಲ್ ಎಂದರು. (ಈ ದೇಶದಲ್ಲಿ ಕಾಲು ಮುರಿದರೂ ಪ್ಯಾರಾಸಿಟಮಾಲ್, ಮನಸ್ಸು ಮುರಿದರೂ ಪ್ಯಾರಾಸಿಟಮಾಲ್.) ಜೊತೆಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಟ್ಟುಕೊಳ್ಳಿ, ಅಂಕಿ ಇಷ್ಟಕ್ಕಿಂತ ಇಳಿದರೆ ತಡಮಾಡದೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ ಎಂದರು. ನಮ್ಮವರ ಅಂಕಿ ಆ ಗೆರೆಯ ಮೇಲೆಯೇ ಕೂತಿತ್ತು. ಇಳಿಯುತ್ತಲೂ ಇರಲಿಲ್ಲ, ಏರುತ್ತಲೂ ಇರಲಿಲ್ಲ. ಗೋಡೆಯ ಮೇಲೆ ಕೂತ ಬೆಕ್ಕಿನ ಹಾಗೆ, ಯಾವ ಕಡೆ ಹಾರುತ್ತದೋ ಎಂದು ನಾವು ಕಾಯಬೇಕು.

ಕೆಳಗೆ ನಾನು ಅಡುಗೆ ಮಾಡುತ್ತಾ, ಮಕ್ಕಳ ಜಗಳ ಬಿಡಿಸುತ್ತಾ, ಕಿವಿಯನ್ನು ಮಾತ್ರ ಮೇಲೆ ಬಿಟ್ಟಿದ್ದೆ. ಅವರು ಕೆಮ್ಮಿದರೆ ಹೆದರಿಕೆ. ಕೆಮ್ಮದಿದ್ದರೆ ಇನ್ನೂ ಹೆದರಿಕೆ.

ಮೈಸೂರಿನಿಂದ ಅತ್ತೆ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಅಲ್ಲಿ ನಾದಿನಿಯ ಜೊತೆ ಇರುತ್ತಾರೆ. ಸುದ್ದಿ ಕೇಳಿದ ದಿನವೇ ಹೇಳಿದ್ದರು.

“ವೀಣಾ, ನೋಡಮ್ಮ, ದೇವರ ಮುಂದೆ ಒಂದು ದೀಪ ಹಚ್ಚಿಡು. ಶ್ರೀಧರ ಅವನ ಕಾಲ ಮೇಲೆ ಅವನು ಕೆಳಗಿಳಿದು ಬರೋವರೆಗೂ ಅದು ಆರಬಾರದು. ನಾನೂ ಇಲ್ಲಿ ಹಚ್ಚಿದೀನಿ. ಎಣ್ಣೆ ನೋಡ್ಕೋತಾ ಇರು.”

ಆಗಲಿ ಅತ್ತೆ ಎಂದೆ. ಬೇರೇನು ಎನ್ನುವುದು? ಪುಸ್ತಕದ ಶೆಲ್ಫಿನ ಮೇಲಿನ ಖಾನೆಯೇ ನಮ್ಮ ದೇವರಮನೆ. ಅಲ್ಲಿ ಹಿತ್ತಾಳೆಯ ದೀಪ ಹಚ್ಚಿದೆ. ನೆಲವೂ ಮರ, ಮೆಟ್ಟಿಲೂ ಮರ, ಬೆಂಕಿಯ ಭಯ ಬೇರೆ. ಅದಕ್ಕೆ ಅಗಲದ ಸ್ಟೀಲ್ ತಟ್ಟೆಯಲ್ಲಿ ನೀರು ತುಂಬಿ, ನಡುವೆ ದೀಪ ಇಟ್ಟೆ. ಎಣ್ಣೆ ಹಾಕುವುದು, ಬತ್ತಿ ಮುಂದೆ ಸರಿಸುವುದು, ಮೇಲಿನ ಕೆಮ್ಮು ಕೇಳುವುದು. ಮೂರೂ ಸೇರಿ ಒಂದೇ ಕೆಲಸದಂತೆ ಆಗಿಬಿಟ್ಟಿತ್ತು.

ಇನ್ನು ಆ ಟವೆಲ್ಲಿಗೆ ಕಾರಣವಾದ ಹಬ್ಬದ ವಿಷಯ.

ನಮ್ಮ ಪಕ್ಕದ ಮನೆಯ ಮಾರೈಕೆಗೆ ಎಪ್ಪತ್ತು ದಾಟಿದೆ. ಮಕ್ಕಳು ಅವರನ್ನು ಓಮ ಎನ್ನುತ್ತಾರೆ, ಅಜ್ಜಿ ಎಂದರ್ಥ. ಜರ್ಮನಿಯ ಗಡಿಗೆ ಹತ್ತಿರದ ಒಂದು ಹಳ್ಳಿಯವರು. ನಾವು ಯಾರೂ ಹೊರಗೆ ಕಾಲಿಡುವಂತಿಲ್ಲವಲ್ಲ, ಹಾಲು ತರಕಾರಿ ತಂದು ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಲ್ಲುತ್ತಿದ್ದವರು ಅವರೇ. ಹಿತ್ತಲ ಬೇಲಿಯ ಆಚೆ ಅವರು, ಈಚೆ ನಮ್ಮ ಮಕ್ಕಳು. ದಿನಾ ಒಂದಿಷ್ಟು ಹರಟೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಹರವುತ್ತಿದ್ದಾಗ ಇಂಚರ ಕೇಳಿದಳು.

“ಓಮ, ಸೂರ್ಯ ಯಾಕೆ ಇಷ್ಟು ಬೇಗ ಹೋಗ್ತಾನೆ? ಅವನಿಗೂ ಕೊರೊನಾನಾ?”

ಮಾರೈಕೆ ನಗಲಿಲ್ಲ. ಕೈಯಲ್ಲಿದ್ದ ಕಸಪೊರಕೆಯನ್ನು ಬೇಲಿಗೆ ಒರಗಿಸಿ, ನಿಧಾನಕ್ಕೆ ಹೇಳತೊಡಗಿದರು. ಅವರ ಅಜ್ಜಿ ಹೇಳುತ್ತಿದ್ದ ಕಥೆಯಂತೆ. ಸೂರ್ಯ ಒಂದು ದೊಡ್ಡ ಚಕ್ರ. ವರ್ಷವಿಡೀ ಉರುಳಿ ಉರುಳಿ ಅತಿ ಚಿಕ್ಕ ಹಗಲಿನ ದಿನ ದಣಿದು ನಿಂತುಬಿಡುತ್ತದೆ. ದೊಡ್ಡ ಚಕ್ರ ನಿಂತಾಗ ಚಿಕ್ಕ ಚಕ್ರಗಳು ತಿರುಗಬಾರದು. ಆದ್ದರಿಂದ ಆ ದಿನ ಅಜ್ಜಿಯ ಮನೆಯಲ್ಲಿ ನೂಲುವ ರಾಟೆ ಮುಟ್ಟುತ್ತಿರಲಿಲ್ಲ, ಗಾಡಿ ಹೂಡುತ್ತಿರಲಿಲ್ಲ. ಕತ್ತಲಾದ ಕೂಡಲೇ ಒಲೆಯ ಬೆಂಕಿಯನ್ನೂ, ಎಲ್ಲ ದೀಪಗಳನ್ನೂ ಆರಿಸಿ ಒಟ್ಟಿಗೆ ಕೂರುತ್ತಿದ್ದರು. ಸ್ವಲ್ಪ ಹೊತ್ತು ಕತ್ತಲಲ್ಲಿ ಸೂರ್ಯನ ಜೊತೆ ತಾವೂ ಕೂತಂತೆ. ಆಮೇಲೆ ಮನೆಯ ಹೆಂಗಸು ಒಂದೇ ಒಂದು ಹೊಸ ಬೆಂಕಿ ಹಚ್ಚುತ್ತಿದ್ದಳು. ಅದನ್ನು ನೋಡಿ ಸೂರ್ಯ ಏಳುತ್ತಾನೆ. ಮರುದಿನದಿಂದ ಹಗಲು ಬೆಳೆಯುತ್ತದೆ.

“ಚರ್ಚು ಬರುವುದಕ್ಕೂ ಮೊದಲಿನದು ಇದು,” ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. “ನಾವೆಲ್ಲ ಪೇಗನ್‌ಗಳಾಗಿದ್ದ ಕಾಲದ್ದು.”

ಪೇಗನ್! ಆ ಪದ ಕೇಳಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಮಾರಲ್ ಸೈನ್ಸ್ ತರಗತಿಯಲ್ಲಿ ಸಿಸ್ಟರ್ ಒಮ್ಮೆ ಪಾಠ ಮಾಡುತ್ತಾ, ಪೇಗನ್‌ಗಳು ಸೂರ್ಯನನ್ನು, ಮರವನ್ನು, ಬೆಂಕಿಯನ್ನು ಪೂಜಿಸುತ್ತಿದ್ದರು ಎಂದಿದ್ದರು. ನಾನು ಕೈ ಎತ್ತಿ, “ಸಿಸ್ಟರ್, ನಮ್ಮಜ್ಜಿ ಈ ಮೂರನ್ನೂ ಬೆಳಿಗ್ಗೆ ತಿಂಡಿಗೆ ಮುಂಚೆಯೇ ಮಾಡ್ತಾರೆ” ಎಂದಿದ್ದೆ. ಸಿಸ್ಟರ್ ಪುಸ್ತಕ ಮುಚ್ಚಿ, “ನಿಮ್ಮಜ್ಜಿ ಒಳ್ಳೆಯವರು. ಸಿಟ್ ಡೌನ್ ಚೈಲ್ಡ್” ಎಂದರು. ಅಲ್ಲಿಗೆ ನನ್ನ ಧರ್ಮಜಿಜ್ಞಾಸೆ ಮುಗಿಯಿತು.

ಆದರೆ ಇಂಚರಳದು ಮುಗಿದಿರಲಿಲ್ಲ.

“ಸೂರ್ಯ ಎದ್ದ ಮೇಲೆ ಪಪ್ಪಾ ಕೆಳಗೆ ಬರ್ತಾರಾ?”

ಮಾರೈಕೆ ನನ್ನ ಮುಖ ನೋಡಿದರು. ಆಕೆ ನೇರ ಮಾತಿನವರು, ಸುಳ್ಳು ಹೇಳುವವರಲ್ಲ. ಉತ್ತರವನ್ನು ನನಗೇ ಬಿಟ್ಟರು. ನನ್ನ ಕೈಯಲ್ಲಿ ಹಿಂಡಿದ ದಿಂಬಿನ ಕವರು. ಮೇಲಿನಿಂದ ಕೆಮ್ಮು. ಕೆಳಗೆ ಈ ಎರಡು ಕಣ್ಣು. ಎಷ್ಟೋ ದಿನದಿಂದ ನಗದಿದ್ದ ಕಣ್ಣು.

“ಹೂಂ ಪುಟ್ಟಿ, ಬರ್ತಾರೆ” ಎಂದುಬಿಟ್ಟೆ. “ನಾವೂ ಮಾಡೋಣ. ಎಲ್ಲ ದೀಪ ಆರಿಸಿ ಕೂರೋಣ.”

ನೋಡಿ, ಎಲ್ಲ ದೀಪ ಎಂದಾಗ ನನ್ನ ಕಣ್ಣೆದುರು ಬಂದದ್ದು ಟ್ಯೂಬ್‌ಲೈಟು, ಟೇಬಲ್ ಲ್ಯಾಂಪು, ಕಿಟಕಿಯ ಸೀರಿಯಲ್ ಸೆಟ್ಟು. ಶೆಲ್ಫಿನ ಮೇಲಿನದು ದೀಪ ಎಂದು ನನಗೆ ಹೊಳೆಯಲೇ ಇಲ್ಲ! ಅದು ದೇವರ ಸಾಮಾನು. ಲೆಕ್ಕವೇ ಬೇರೆ. ನೀವೇ ಹೇಳಿ, ಕರೆಂಟು ಹೋದಾಗ ‘ಮನೆಯಲ್ಲಿ ಒಂದು ದೀಪವೂ ಇಲ್ಲ’ ಎಂದು ನಂದಾದೀಪದ ಪಕ್ಕದಲ್ಲೇ ನಿಂತು ಗೊಣಗಿದವರು ನಾವಲ್ಲವೇ?

ಅತ್ತೆಗೆ ಫೋನಿನಲ್ಲಿ ಸೂರ್ಯನ ಹಬ್ಬ ಎಂದಷ್ಟೇ ಸುದ್ದಿ ಕೊಟ್ಟೆ.

“ಉತ್ತರಾಯಣ ಅನ್ನು. ಅದು ಸಂಕ್ರಾಂತಿಗಲ್ವೇನಮ್ಮ? ಇವರೇನು ಇಷ್ಟು ಮುಂಚೇನೇ ಮಾಡ್ತಾರೆ?”

“ಇಲ್ಲಿ ಚಳಿ ಜಾಸ್ತಿ ಅಲ್ವಾ ಅತ್ತೆ, ಅವಸರ ಅವರಿಗೆ.”

“ನೈವೇದ್ಯಕ್ಕೆ ಏನು?”

“ಏನಿಲ್ಲ. ಸುಮ್ಮನೆ ಕೂರೋದು.”

“ತಿನ್ನೋದಕ್ಕೆ ಇಲ್ದೇ ಇರೋದೂ ಒಂದು ಹಬ್ಬಾನಾ! ಸರಿ, ಮಕ್ಕಳಿಗೆ ಖುಷಿಯಾಗತ್ತೆ ಅಂದ್ರೆ ಮಾಡು. ದೀಪ ಉರೀತಿದೆ ತಾನೇ?”

“ಉರೀತಿದೆ ಅತ್ತೆ.”

ಆ ದಿನ ಬಂತು. ಬೆಳಗಿನಿಂದಲೇ ನಮ್ಮ ಇನ್‌ಸ್ಪೆಕ್ಟರ್ ಡ್ಯೂಟಿಗೆ ಹಾಜರು. ಚಕ್ರ ತಿರುಗಬಾರದು ಎಂಬ ಕಾನೂನು ನಮ್ಮ ಮನೆಯಲ್ಲಿ ಎಲ್ಲಿಯವರೆಗೆ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅಚ್ಚುವಿನ ಆಟದ ಕಾರುಗಳು ಮುಟ್ಟುಗೋಲಾದವು (ದೊಡ್ಡ ಅಳು). ಚಟ್ನಿಗೆ ಮಿಕ್ಸಿ ಹಾಕಹೊರಟವಳನ್ನು ತಡೆದಳು, ಒಳಗೆ ತಿರುಗುತ್ತದಲ್ಲ! ರೋಗಿಯ ಹಾಸಿಗೆಯ ಚಾದರಗಳು ವಾಷಿಂಗ್ ಮೆಷಿನ್ನಿನಲ್ಲಿ ತುಂಬಿ ಕೂತಿದ್ದವು. ಅದಂತೂ ಎಲ್ಲಕ್ಕಿಂತ ದೊಡ್ಡ ಚಕ್ರ. ವಾದ ಮಾಡುವ ಶಕ್ತಿಯಿಲ್ಲದೆ ಬಚ್ಚಲಿನಲ್ಲಿ ಕೂತು ಕೈಯಲ್ಲೇ ಒಗೆದೆ.

ಮಧ್ಯಾಹ್ನ ಅವರು ಮೇಲಿನಿಂದ ಕಳಿಸಿದ ಮೆಸೇಜಿನಲ್ಲಿ ಅಂಕಿ ಒಂದು ಕೂದಲೆಳೆಯಷ್ಟು ಇಳಿದಿತ್ತು. “ಏನಾಗಲ್ಲ, ಬೆರಳು ತಣ್ಣಗಿದೆ ಅಷ್ಟೇ, ಉಜ್ಜಿ ನೋಡಿದ್ರೆ ಮತ್ತೆ ಗೆರೆಗೇ ಬಂತು” ಎಂದು ಕೆಳಗೆ ಬರೆದಿದ್ದರು. ಗಂಡಸರು ಏನಾಗಲ್ಲ ಎಂದರೆ ನಿಮಗೆ ಧೈರ್ಯ ಬರುತ್ತದೆಯೇ? ನನಗಂತೂ ಇದ್ದದ್ದೂ ಹೋಗುತ್ತದೆ.

ಸಂಜೆ ಐದರ ಹೊತ್ತಿಗೆ ಹೊರಗೆ ಗವ್ವೆನ್ನುವ ಕತ್ತಲೆ. ಇಲ್ಲಿನವರ ಕಿಟಕಿಗಳಿಗೆ ಪರದೆಯೇ ಇರುವುದಿಲ್ಲ. ಬೀದಿದೀಪ ಒಳಗೆ ಬರದಂತೆ ಮೈಸೂರಿನಿಂದ ತಂದಿದ್ದ ಹಾಸುಹೊದಿಕೆಗಳನ್ನು ಬಟ್ಟೆಯ ಕ್ಲಿಪ್ಪು ಹಾಕಿ ಕಿಟಕಿಗೆ ತೂಗುಹಾಕಿದೆ. ಆಮೇಲೆ ಟವೆಲ್ಲು, ಪಟ್ಟಿ, ಕಾಲುಚೀಲ. ಅದು ನಿಮಗೆ ಗೊತ್ತೇ ಇದೆ. ನನ್ನ ಮೊಬೈಲನ್ನೂ ಡ್ರಾಯರಿನಲ್ಲಿ ಹಾಕಿಸಿದಳು.

ಎಲ್ಲ ಮುಗಿಯಿತು ಎಂದು ಸೋಫಾದ ಮೇಲೆ ಕೂತೆ. ಇಂಚರ ಕೂರಲಿಲ್ಲ. ಶೆಲ್ಫಿನ ಮುಂದೆ ನಿಂತಿದ್ದಳು. ಇಡೀ ಮನೆಯ ಕತ್ತಲಲ್ಲಿ ಆ ಒಂದು ದೀಪ ಎಂದೂ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತಿತ್ತು.

“ಅಮ್ಮಾ. ಇದು.”

ಸೋಫಾದಿಂದ ಎದ್ದೆ.

“ಅದು ಬೇಡ ಪುಟ್ಟಿ. ಅದು ದೇವರದ್ದು. ಪಪ್ಪಾಗೋಸ್ಕರ ಹಚ್ಚಿರೋದು, ಆರಿಸಬಾರದು.”

“ಎಲ್ಲಾ ಅಂದೆ ನೀನು.”

“ಎಲ್ಲಾ ಅಂದ್ರೆ ಇದನ್ನ ಬಿಟ್ಟು.”

“ಆಗ ಕೌಂಟ್ ಆಗಲ್ಲ.” ಅವಳು ಕಿರುಚಲಿಲ್ಲ, ಹಟ ಮಾಡಲಿಲ್ಲ. ದನಿ ಸಣ್ಣದಾಯಿತು ಅಷ್ಟೇ. “ಸೂರ್ಯನಿಗೆ ಗೊತ್ತಾಗತ್ತೆ. ಪಪ್ಪಾ ಅಲ್ಲೇ ಇರ್ತಾರೆ.”

ನಾನು ಏನೇನು ಲೆಕ್ಕ ಹಾಕಿದೆ ಕೇಳಿ. ಡಬ್ಬಿ ಬೋರಲು ಹಾಕಿ ಮುಚ್ಚಿದರೆ? ಗಾಳಿಯಿಲ್ಲದೆ ತಾನೇ ಆರುತ್ತದೆ. ಬಚ್ಚಲಿನಲ್ಲಿಟ್ಟು ಬಾಗಿಲು ಹಾಕಿದರೆ? ದೇವರ ದೀಪವನ್ನು ಬಚ್ಚಲಿನಲ್ಲಿ! ವಿಮಾನ ಇಲ್ಲದಿದ್ದರೂ ಅತ್ತೆ ನಡೆದೇ ಬಂದುಬಿಟ್ಟಾರು. ಹಿತ್ತಲಿಗೆ ಒಯ್ದರೆ? ಹೊರಗೆ ಸುಯ್ಯೆನ್ನುವ ಗಾಳಿ.

ನಮ್ಮ ತಲೆಮಾರಿನ ಹೆಂಗಸರು ಯಾವ ಸಿನಿಮಾ ನೋಡಿ ಬೆಳೆದವರು ಎಂದು ನಿಮಗೆ ಗೊತ್ತು. ಗಾಳಿ ಬೀಸುತ್ತದೆ, ದೇವರ ಮುಂದಿನ ದೀಪ ಆರುತ್ತದೆ, ಢಣ್ ಎಂದು ಮ್ಯೂಸಿಕ್ಕು, ಅಲ್ಲೆಲ್ಲೋ ಗಂಡನಿಗೆ ಆಕ್ಸಿಡೆಂಟು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಮಾತ್ರಕ್ಕೆ ಆ ಢಣ್ ಕಿವಿಯಿಂದ ಹೋಗುತ್ತದೆಯೇ?

ಮೈಸೂರಿನಲ್ಲಿ ಒಬ್ಬ ಅಜ್ಜಿ, ದೀಪ ಆರಿದರೆ ಮಗನಿಗೆ ಕೇಡು ಎಂದು ನಂಬಿ ಕೂತಿದ್ದಾಳೆ. ನನ್ನ ಮುಂದೆ ಅವಳ ಮೊಮ್ಮಗಳು, ದೀಪ ಆರದಿದ್ದರೆ ಅಪ್ಪನಿಗೆ ಕೇಡು ಎಂದು ನಂಬಿ ನಿಂತಿದ್ದಾಳೆ. ನಡುವೆ ನಾನು. ಎರಡನ್ನೂ ನಂಬದವಳು, ಎರಡಕ್ಕೂ ಹೆದರುವವಳು.

ಅಚ್ಚು ನಾನು ಉಡದ ಸೀರೆಯ ಸೆರಗು ಹುಡುಕುತ್ತಾ ಸ್ವೆಟರ್ ಎಳೆಯುತ್ತಿದ್ದ. ಮಗಳ ಕೆಳತುಟಿ ನಡುಗುತ್ತಿತ್ತು. ಅಜ್ಜಿಯನ್ನು ಫೋನಿನಲ್ಲಿ ಸಮಾಧಾನ ಮಾಡಬಹುದು. ಈ ತುಟಿಯನ್ನು ಹೇಗೆ?

ದೀಪವನ್ನು ಬಾಯಿಂದ ಊದಬಾರದು. ಅಷ್ಟಾದರೂ ಉಳಿಸಿಕೊಂಡೆ. ತಲೆಯಿಂದ ಹೇರ್‌ಪಿನ್ ತೆಗೆದು ಬತ್ತಿಯನ್ನು ಮೆಲ್ಲಗೆ ಎಣ್ಣೆಯೊಳಕ್ಕೆ ಎಳೆದೆ. ಚುಂಯ್ ಎಂದಿತು. ಅಷ್ಟೇ.

ಕತ್ತಲೆ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಸುಟ್ಟ ಬತ್ತಿಯ ವಾಸನೆ. ಎರಡು ಪುಟ್ಟ ಮೈಗಳು ನನ್ನ ಎರಡು ಪಕ್ಕೆಗೆ. ಗೋಡೆಯೊಳಗಿನ ಹೀಟರಿನ ಪೈಪು ಟಿಕ್ ಟಿಕ್ ಎನ್ನುತ್ತಿತ್ತು. ರಸ್ತೆಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಇಂಚರ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು. ನನಗೆ ಒಂದು ಕ್ಷಣ, ಒಂದೇ ಕ್ಷಣ, ಹಾಯೆನಿಸಿತು ಎಂದರೆ ನಂಬುತ್ತೀರಾ? ಎಣ್ಣೆ ನೋಡುವುದಿಲ್ಲ, ಬತ್ತಿ ಸರಿಸುವುದಿಲ್ಲ. ಆಗಬಾರದ್ದು ಆಗಿಹೋಗಿದೆ, ಇನ್ನೇನು.

ಆಮೇಲೆ ಗಮನಕ್ಕೆ ಬಂತು. ಮೇಲೆ ಕೆಮ್ಮು ಇಲ್ಲ.

ಕಿವಿಗೊಟ್ಟೆ. ಇಲ್ಲ. ಮಂಚದ ಕಿರುಗುಟ್ಟೂ ಇಲ್ಲ. ಇಷ್ಟು ಹೊತ್ತು ಕೆಮ್ಮದೆ ಇದ್ದದ್ದೇ ಇಲ್ಲ ಅವರು.

“ಸಾಕು ಪುಟ್ಟಿ, ಹಚ್ಚೋಣ.”

“ಇನ್ನೂ ಸ್ವಲ್ಪ, ಅಮ್ಮಾ.”

“ಸಾಕು!” ಎದ್ದು ಶೆಲ್ಫಿನ ಮೇಲೆ ಕೈಯಾಡಿಸಿದೆ. ಬೆಂಕಿಪೊಟ್ಟಣ ಅಲ್ಲೇ ಇಟ್ಟಿದ್ದೆ, ಬೆರಳಿಗೆ ತಗುಲಿತು, ಜಾರಿತು. ಪುಳಕ್! ನೀರಿನ ತಟ್ಟೆಗೆ ಬಿತ್ತು. ಬೆಂಕಿಗೆ ಹೆದರಿ ನಾನೇ ತುಂಬಿಟ್ಟ ನೀರು. ಎತ್ತಿ ಗೀರಿದರೆ ಕಡ್ಡಿಯ ತಲೆ ಮೆತ್ತಗೆ ಕಿತ್ತು ಬಂತು. ಇನ್ನೊಂದು. ಅದೂ ಅಷ್ಟೇ.

“ರೀ!” ಎಂದು ಮೆಟ್ಟಿಲ ಬುಡದಿಂದ ಕರೆದೆ.

ಉತ್ತರವಿಲ್ಲ.

“ಶ್! ಅಮ್ಮಾ, ಮಾತಾಡಬಾರದು,” ಎಂದಳು ಇಂಚರ ಹಿಂದಿನಿಂದ.

“ರೀ, ಕೇಳಿಸ್ತಿದೆಯಾ?”

ಇಲ್ಲ.

ಆ ಮೆಟ್ಟಿಲನ್ನು ಕತ್ತಲಲ್ಲಿ ಹೇಗೆ ಹತ್ತಿದೆನೋ ನನಗೆ ಗೊತ್ತಿಲ್ಲ. ಕೈಕಾಲು ಎರಡನ್ನೂ ಊರಿ ಹತ್ತಿದೆ ಎಂದು ಕಾಣುತ್ತದೆ, ಮಂಡಿ ತರಚಿತ್ತು. ಕೆಳಗೆ ಅಚ್ಚು ಜೋರಾಗಿ ಅಳತೊಡಗಿದ. “ಪಪ್ಪಾ?” ಎಂದು ಇಂಚರ ಕೂಗಿದಳು, ಈಗ ಅವಳ ದನಿಯಲ್ಲೂ ಹೆದರಿಕೆ. ಮಾಸ್ಕು, ಗ್ಲೌಸು, ದೂರ, ಯಾವುದೂ ನೆನಪಾಗಲಿಲ್ಲ. ಬಾಗಿಲು ತಳ್ಳಿದೆ.

ಕೋಣೆಯೂ ಕತ್ತಲು. ಹಾಸಿಗೆಯ ಮೇಲೆ ಕೈಯಿಟ್ಟೆ. ಬೆಚ್ಚಗಿನ ಒಂದು ಭುಜ ಸಿಕ್ಕಿತು. ಹಿಡಿದು ಅಲ್ಲಾಡಿಸಿಬಿಟ್ಟೆ.

ರಗ್ಗಿನ ಒಳಗಿನಿಂದ ಬಾಂಬು ಸಿಡಿದ ಹಾಗೆ ಕೆಮ್ಮು! ಕೆಮ್ಮಿದರು, ಕೆಮ್ಮಿದರು, ಎದ್ದು ಕೂತು ಕೆಮ್ಮಿದರು. ರಗ್ಗು ಸರಿದಾಗ ಬೆರಳ ತುದಿಯಲ್ಲಿ ಆಕ್ಸಿಮೀಟರಿನ ಕೆಂಪು ಅಂಕಿ ಕಾಣಿಸಿತು. ಗೆರೆಯ ಮೇಲೆಯೇ ಇತ್ತು, ಹಾಳಾದ ಬೆಕ್ಕು.

“ಏನೇ ಇದು, ಯಾಕೆ ಬಂದೆ ಒಳಗೆ? ಮಾಸ್ಕ್ ಎಲ್ಲಿ?” ಎಂದರು ಉಸಿರು ಸಿಕ್ಕಿದ ಮೇಲೆ.

“ಕರೆದ್ರೆ ಓ ಅನ್ನೋಕೇನ್ರೀ? ಪ್ರಾಣ ಹೋಗಿತ್ತು ನಂದು!”

“ನಿನ್ನ ಮಗಳ ಆರ್ಡರ್ ಕಣೇ. ಮಧ್ಯಾಹ್ನ ಟ್ಯಾಬ್ಲೆಟ್ಟಲ್ಲಿ ಕಾಲ್ ಮಾಡಿ ಹೇಳಿದಾಳೆ, ಲೈಟ್ ಇರಬಾರದು, ಸೌಂಡ್ ಇರಬಾರದು, ಕೆಮ್ಮಿದ್ರೆ ಸೂರ್ಯ ಹೆದರ್ಕೋ‌ತಾನೆ ಅಂತ. ದಿಂಬಲ್ಲಿ ಮುಖ ಇಟ್ಕೊಂಡು ತಡೀತಾ ಇದ್ದೆ. ಈ ಮೀಟರಿನ ಬೆಳಕು ಬೇರೆ, ರಗ್ಗೊಳಗೆ ಬಚ್ಚಿಟ್ಟಿದ್ದೆ. ಇನ್ನೊಂಚೂರು ತಡೆದಿದ್ರೆ ಗೆದ್ದುಬಿಡ್ತಿದ್ದೆ!”

ನಗಬೇಕೋ ಅಳಬೇಕೋ ತಿಳಿಯದೆ ಅವರ ಕೈ ಹಿಡಿದುಕೊಂಡು ಅಲ್ಲೇ ಕೂತೆ. ಎಷ್ಟು ಹೊತ್ತು? ಕೂರಬಾರದಷ್ಟು ಹೊತ್ತು.

ಕೆಳಗಿನಿಂದ ತೀರ್ಪು ಬಂತು: “ಪಪ್ಪಾ ಕೆಮ್ಮಿದ್ರು! ಈಗ ಸೂರ್ಯ ಎದ್ದ! ಅಮ್ಮಾ, ಬೇಗ ದೀಪ!”

ಹೊಸ ಬೆಂಕಿ ಕೊನೆಗೂ ಬಂದದ್ದು ಗ್ಯಾಸ್ ಒಲೆಯಿಂದ. ಒಲೆಯ ನಾಬ್ ತಿರುಗಿಸಿದರೆ ಕಿಡಿ ಹಾರಿ ಉರಿ ಹತ್ತುತ್ತದಲ್ಲ, ಅದರಲ್ಲಿ ಊದಿನಕಡ್ಡಿ ಹಚ್ಚಿ, ಆ ಊದಿನಕಡ್ಡಿಯನ್ನು ತಂದು ಬತ್ತಿಗೆ ಮುಟ್ಟಿಸಿದೆ. ಮಕ್ಕಳಿಬ್ಬರೂ ಬಾಯಿ ತೆರೆದು ನೋಡಿದರು. ಮಾರೈಕೆಯ ಅಜ್ಜಿಗೂ ನಮ್ಮಜ್ಜಿಗೂ ಆ ಹೊಗೆಯ ಪರಿಚಯ ಇದ್ದಿರಲೇಬೇಕು ಎಂದು ನನಗೆ ಅನ್ನಿಸಿತು. ಸಿಸ್ಟರ್‌ಗೆ ಹೇಳುವುದು ಬೇಡ.

ಮರುದಿನ ಅತ್ತೆಯ ಫೋನು. “ದೀಪ ಉರೀತಿದೆ ತಾನೇ?”

“ಉರೀತಿದೆ ಅತ್ತೆ.”

ಸುಳ್ಳಲ್ಲವಲ್ಲ? ಆರಿಸಿ ಹಚ್ಚಿದ ದೀಪ ಅದೇ ದೀಪವೋ ಬೇರೆಯದೋ, ಬಲ್ಲವರು ಹೇಳಬೇಕು. (ಅತ್ತೆ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಅತ್ತೆ, ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬೈಯುವುದಿದ್ದರೆ ನಿಮ್ಮ ಮಗನ ಮೊಬೈಲಿಗೆ ಮಾಡಿ, ಅವರೀಗ ಮಾತಾಡುವಷ್ಟು ಗಟ್ಟಿಯಾಗಿದ್ದಾರೆ.)

ಹೌದು, ಗಟ್ಟಿಯಾದರು. ಎರಡೇ ದಿನದಲ್ಲಿ ಅಂಕಿ ಮೇಲಕ್ಕೆ ಹಾರಿತು. ಜ್ವರ ಬಿಟ್ಟಿತು. ಡಾಕ್ಟರು ಸರಿ ಎಂದ ಬೆಳಿಗ್ಗೆ ಕೂದಲು ಕೆದರಿಕೊಂಡು, ಗೋಡೆ ಹಿಡಿದುಕೊಂಡು ಕೆಳಗಿಳಿದು ಬಂದರು. ಅಚ್ಚು ಅವರ ಕಾಲಿಗೆ ಜೋತುಬಿದ್ದ. ಇಂಚರ ಮಾತ್ರ ಓಡಿಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ‘ನಾನು ಹೇಳಲಿಲ್ಲವಾ’ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ಅವಳ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಎಲ್ಲ ದೀಪ ಆರಿಸಿದೆವು, ಹೊಸದು ಹಚ್ಚಿದೆವು, ಪಪ್ಪಾ ಬಂದರು. ಔಷಧಿ, ವಿಶ್ರಾಂತಿ, ಅದೃಷ್ಟ ಎಂದೆಲ್ಲ ನಾನು ಈಗ ವಿವರಿಸಹೋದರೆ ಯಾರು ಕೇಳುತ್ತಾರೆ? ಮಕ್ಕಳಿಗೆ ಕಥೆ ಹೇಳುವಾಗ ನಾವು ಕಥೆ ಹೇಳುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಅವರು ಅದನ್ನು ಕೊಟ್ಟ ಮಾತು ಎಂದು ಎತ್ತಿಟ್ಟುಕೊಳ್ಳುತ್ತಾರೆ.

ಪ್ರತಿ ವಾರ ಅಡುಗೆಮನೆಯ ಮೇಜಿನ ಮೇಲೆ, ಸೊಪ್ಪು ಬಿಡಿಸಿದ ಜಾಗದಲ್ಲಿ ಕೂತು ನಿಮಗೆ ಬರೆಯುತ್ತಿದ್ದೆ. ಈ ವಾರ ಬರೆಯುತ್ತಿರುವುದು ಅಟ್ಟದ ಕೋಣೆಯಿಂದ. ಅವರು ಇಳಿದ ಮರುದಿನವೇ ನನಗೆ ಜ್ವರ ಬಂತು. ಟೆಸ್ಟು, ಪಾಸಿಟಿವ್. ಆ ಸಂಜೆ ಕೈ ಹಿಡಿದು ಕೂತಾಗ ತಗುಲಿತೋ, ಚಾದರ ಒಗೆಯುವಾಗ ತಗುಲಿತೋ, ಯಾರು ಬಲ್ಲರು. ಬೆರಳಿಗೆ ಈಗ ನನ್ನ ಅಂಕಿ. ಬಾಗಿಲಾಚೆ ನನ್ನ ತಟ್ಟೆ. ನಮ್ಮವರು ಮಾಡಿದ ಸಾರು, ಹುಳಿ ಮುಂದು, ಉಪ್ಪು ಹಿಂದು. ಅರ್ಧ ಉಳಿಸಿದರೆ ಕೆಳಗೆ ಅವರು ಹೆದರುತ್ತಾರೆ ಎಂದು ಪೂರ್ತಿ ತಿನ್ನುತ್ತೇನೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಬುಡದಿಂದ ಇಂಚರ ಕೂಗಿದಳು.

“ಅಮ್ಮಾ, ಸೂರ್ಯನ ಹಬ್ಬ ಪಪ್ಪಾಗೆ ಆಯ್ತಲ್ಲ. ಅದು ಇನ್ನು ನೆಕ್ಸ್ಟ್ ಇಯರ್ ಅಂತೆ, ಓಮ ಹೇಳಿದ್ರು. ನಿನ್ನನ್ನ ಕೆಳಗೆ ಕರ್ಕೊಂಡು ಬರೋ ಹಬ್ಬ ಯಾವ್ದು?”

ಬಾಯಿ ತೆರೆದೆ, ಕೆಮ್ಮು ಬಂತು. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಇನ್ನೂ ಕಾಯುತ್ತಿದ್ದಾಳೆ. ಬರ್ತಾರೆ ಎಂದು ಅವತ್ತು ಅಷ್ಟು ಸಲೀಸಾಗಿ ಹೇಳಿದವಳು ನಾನೇ. ಈಗ, ನನ್ನ ವಿಷಯಕ್ಕೆ, ಏನು ಹೇಳಲಿ?